ಅಪ್ಪನ ಮೆಡಿಕೇರ್ ಪ್ಲಾನ್ ಬಿಡಿಸಬೇಕೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅಪ್ಪ ಇಲ್ಲೇ ದುಡಿದು ನಿವೃತ್ತರಾದವರು, ಈಗ 71 ವರ್ಷ. ಹಿರಿಯರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆಯೇ ಮೆಡಿಕೇರ್; ಅದನ್ನು ಖಾಸಗಿ ಕಂಪನಿಯ ಮೂಲಕ ಪಡೆಯುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್‌ಗೆ 65 ತುಂಬಿದಾಗಲೇ ಸೇರಿಸಿದೆವು. ಅದಕ್ಕೆ ಬೇರೆ ಪ್ರೀಮಿಯಂ ಇಲ್ಲ, ಹಲ್ಲು, ಕನ್ನಡಕದ ಖರ್ಚೂ ಸಿಗುತ್ತದೆ. ಈಚೆಗೆ ಕಂಪನಿಯೇ ಒಬ್ಬ ನರ್ಸನ್ನು ಮನೆಗೆ ಕಳಿಸಿತ್ತು. ಅವರು ಏನೇನೋ ಕಾಯಿಲೆ ಬರೆದುಕೊಂಡು ಹೋದರು, ಆಮೇಲೆ ಸುದ್ದಿಯೇ ಇಲ್ಲ. ಈ ಪ್ಲಾನ್‌ಗಳಿಗೆ ಕಡಿವಾಣ ಹಾಕುತ್ತಾರಂತೆ. ಹಳೇ ಮೆಡಿಕೇರ್‌ಗೆ ಬದಲಾಯಿಸಲೇ? ಅಪ್ಪ ವರ್ಷಕ್ಕೆ ನಾಲ್ಕು ತಿಂಗಳು ಮೈಸೂರಿನಲ್ಲಿರುತ್ತಾರೆ.

ಉತ್ತರ: ಸುಧಾರಣೆಯ ಗಲಾಟೆ ಬಹುಪಾಲು ಆ ನರ್ಸ್ ಬರೆದುಕೊಂಡ ಪಟ್ಟಿಯಂಥವುಗಳ ಸುತ್ತಲೇ ನಡೆಯುತ್ತಿದೆ.

ಹಳೇ ಮೆಡಿಕೇರ್‌ನಲ್ಲಿ ಚಿಕಿತ್ಸೆ ಆದ ಮೇಲೆ ಸರ್ಕಾರ ಬಿಲ್ ಕಟ್ಟುತ್ತದೆ. ಅಡ್ವಾಂಟೇಜ್‌ನಲ್ಲಿ ತಲೆಗೆ ತಿಂಗಳಿಗೆ ಇಷ್ಟು ಅಂತ ಕಂಪನಿಗೆ ಕೊಟ್ಟುಬಿಡುತ್ತದೆ. ಕಾಯಿಲೆ ಜಾಸ್ತಿ ಇದ್ದವರಿಗೆ ಮೊತ್ತವೂ ಜಾಸ್ತಿ. ಅದು ನ್ಯಾಯವೇ. ಇಲ್ಲದಿದ್ದರೆ ಕಂಪನಿಗಳು ಗಟ್ಟಿಮುಟ್ಟಾದವರನ್ನೇ ಹುಡುಕಿಕೊಂಡು ಹೋಗುತ್ತಿದ್ದವು. ಆದರೆ ಪಟ್ಟಿ ಉದ್ದವಾದಷ್ಟೂ ಕಂಪನಿಗೆ ದುಡ್ಡು, ಮತ್ತು ಪಟ್ಟಿ ಉದ್ದ ಮಾಡುವ ದಾರಿಗಳು ಕಂಪನಿಯ ಕೈಯಲ್ಲೇ ಇವೆ. ಬರೆದ ಕಾಯಿಲೆಗೆ ಆಮೇಲೆ ಚಿಕಿತ್ಸೆ ಆಯಿತೋ ಇಲ್ಲವೋ ಯಾರೂ ಕೇಳುವುದಿಲ್ಲ.

1980ರ ದಶಕದಲ್ಲಿ ಖಾಸಗಿ ಪ್ಲಾನ್‌ಗಳನ್ನು ಒಳಗೆ ಬಿಟ್ಟಾಗ ಲೆಕ್ಕಾಚಾರ ಬೇರೆಯೇ ಇತ್ತು. ಸರ್ಕಾರಕ್ಕೆ 100 ಡಾಲರ್ ಆಗುವ ಕಡೆ ಕಂಪನಿಗೆ 95 ಕೊಡೋಣ, ಉಳಿತಾಯ ಆಗುತ್ತದೆ ಅಂದುಕೊಂಡಿದ್ದರು. ಆದದ್ದು ಉಲ್ಟಾ. ಇದೇ ಜನ ಹಳೇ ಮೆಡಿಕೇರ್‌ನಲ್ಲಿದ್ದಿದ್ದರೆ ಆಗುತ್ತಿದ್ದುದಕ್ಕಿಂತ 2025ರಲ್ಲಿ ಸುಮಾರು 8,400 ಕೋಟಿ ಡಾಲರ್ ಹೆಚ್ಚಿಗೆ ಹೋಗುತ್ತದೆ ಎಂದು ಅಮೆರಿಕದ ಸಂಸತ್ತಿಗೆ ಸಲಹೆ ಕೊಡುವ ಮೆಡ್‌ಪ್ಯಾಕ್ ಆಯೋಗ ಅಂದಾಜು ಮಾಡಿತ್ತು. ನಿಮ್ಮ ಅಪ್ಪನ ಕನ್ನಡಕದ ದುಡ್ಡಿನಲ್ಲಿ ಇದರ ಪಾಲೂ ಇದೆ. ಅಡ್ವಾಂಟೇಜ್‌ನಲ್ಲಿ ಇಲ್ಲದವರೂ ಪಾರ್ಟ್ ಬಿ (ಮೆಡಿಕೇರ್‌ನಲ್ಲಿ ಡಾಕ್ಟರ್ ಖರ್ಚಿನ ಭಾಗ) ಪ್ರೀಮಿಯಂ ಮೂಲಕ ಅದನ್ನು ತುಂಬುತ್ತಾರೆ.

ಇದನ್ನು ತಡೆಯಲು 2024ರಿಂದ ಮೂರು ವರ್ಷದಲ್ಲಿ ಹಂತಹಂತವಾಗಿ, ಹೆಚ್ಚು ದುಡ್ಡು ತರುತ್ತಿದ್ದ ಎಷ್ಟೋ ರೋಗದ ಕೋಡ್‌ಗಳನ್ನು (ಕಾಯಿಲೆಗೆ ಬರೆಯುವ ಸಂಕೇತಗಳನ್ನು) ಸರ್ಕಾರ ದುಡ್ಡಿನ ಲೆಕ್ಕದಿಂದ ತೆಗೆಯಿತು. ರಿಪಬ್ಲಿಕನ್ ಸೆನೆಟರ್ ಬಿಲ್ ಕ್ಯಾಸಿಡಿ ಮತ್ತು ಡೆಮಾಕ್ರಟಿಕ್ ಸೆನೆಟರ್ ಜೆಫ್ ಮರ್ಕ್ಲಿ ಸೇರಿ ತಂದ ಮಸೂದೆ ಇನ್ನೂ ಮುಂದೆ ಹೋಗುತ್ತದೆ. ಮನೆಗೆ ಬಂದು ಮಾಡುವ ಇಂಥ ತಪಾಸಣೆಯಲ್ಲಿ ಮಾತ್ರ ಕಂಡ ಕಾಯಿಲೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುತ್ತದೆ. ನನಗದು ಸರಿ ಅನ್ನಿಸುತ್ತದೆ. ಹಾಗಾದರೆ ಹಲ್ಲಿನ ಸೌಲಭ್ಯ ಒಂದಿಷ್ಟು ಸೊರಗಬಹುದು, ಸುಳ್ಳು ಹೇಳುವುದಿಲ್ಲ.

ಚಿಕಿತ್ಸೆಗೆ ಮೊದಲೇ ಕಂಪನಿಯ ಒಪ್ಪಿಗೆ ಪಡೆಯುವ ತಲೆನೋವಿಗೂ 2026ರಿಂದ ಗಡುವು ಬಂದಿದೆ: ತುರ್ತಿದ್ದರೆ 72 ಗಂಟೆ, ಇಲ್ಲದಿದ್ದರೆ 7 ದಿನ. ‘ಆಗಲ್ಲ’ ಅಂದರೆ ಸುಮ್ನೆ ಬಿಡಬೇಡಿ, ಅಪೀಲು ಹಾಕಿ. 2023ರಲ್ಲಿ ಅಪೀಲಿಗೆ ಹೋದವರು ನೂರಕ್ಕೆ 12 ಮಂದಿಯೂ ಇಲ್ಲ. ಹೋದವರಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ತೀರ್ಮಾನ ಪೂರ್ತಿಯಾಗಿಯೋ ಭಾಗಶಃವೋ ಬದಲಾಯಿತು.

ಇನ್ನು ಬದಲಾಯಿಸುವ ಮಾತು. ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಹಳೇ ಮೆಡಿಕೇರ್‌ಗೆ ವಾಪಸ್ ಹೋಗಬಹುದು, ಯಾರೂ ತಡೆಯುವುದಿಲ್ಲ. ಆದರೆ ಅಲ್ಲಿ ಡಾಕ್ಟರ್ ಬಿಲ್ಲಿನ ನೂರಕ್ಕೆ 20 ನಿಮ್ಮದು, ಅದಕ್ಕೆ ಮೇಲ್ಮಿತಿಯೇ ಇಲ್ಲ. ಅದನ್ನು ತುಂಬಿಕೊಡುವುದು ಮೆಡಿಗ್ಯಾಪ್ ಪಾಲಿಸಿ. ಕಾಯಿಲೆ ಇದ್ದರೂ ಅದನ್ನು ಕೊಡಲೇಬೇಕು ಅನ್ನುವ ಅವಕಾಶ, 65ರ ನಂತರ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳು. ಅಪ್ಪನಿಗೆ ಅದು ಮುಗಿದಿದೆ. ಈಗ ಬಿಪಿ, ಸಕ್ಕರೆ ನೋಡಿ ಕಂಪನಿ ‘ಇಲ್ಲ’ ಅನ್ನಬಹುದು. ಹಡ್ಸನ್ ನದಿ ದಾಟಿ ನ್ಯೂಯಾರ್ಕ್‌ನಲ್ಲಿದ್ದಿದ್ದರೆ ಹಾಗನ್ನುವಂತಿಲ್ಲ! ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇಯ್ನ್‌ನಲ್ಲೂ ಈ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ನನ್ನ ಕೇಳಿದರೆ ಮೊದಲು ಆಗಬೇಕಾದ ಸುಧಾರಣೆ ಇದೇ, ದೇಶಕ್ಕೆಲ್ಲ ಒಂದೇ ನಿಯಮ. ವಾಪಸ್ ಹೋಗುವ ದಾರಿ ಇಲ್ಲದ ಮೇಲೆ ಅದನ್ನು ‘ಆಯ್ಕೆ’ ಅನ್ನುವುದು ಹೇಗೆ, ಅಲ್ವಾ?

ಹಾಗಾಗಿ ಮೊದಲು ಮೆಡಿಗ್ಯಾಪ್‌ಗೆ ಅರ್ಜಿ ಹಾಕಿ. ಅವರು ಒಪ್ಪಿದ್ದು ಕಾಗದದಲ್ಲಿ ಕೈಗೆ ಬಂದ ಮೇಲೆ ಈಗಿನ ಪ್ಲಾನ್ ಬಿಡಿ.

ಮೈಸೂರಿನ ನಾಲ್ಕು ತಿಂಗಳಿಗೆ ತೊಂದರೆಯಿಲ್ಲ. ಪ್ಲಾನ್‌ನ ವ್ಯಾಪ್ತಿ ಬಿಟ್ಟು ಆರು ತಿಂಗಳು ದಾಟಿದರೆ ಸಾಮಾನ್ಯವಾಗಿ ಹೆಸರು ತೆಗೆದುಹಾಕುತ್ತಾರೆ. ಹಳೇ ಮೆಡಿಕೇರ್ ಅಂತೂ ಭಾರತದ ಆಸ್ಪತ್ರೆಯ ಬಿಲ್ ಕೊಡುವುದಿಲ್ಲ. ಕೆಲವು ಮೆಡಿಗ್ಯಾಪ್ ಪಾಲಿಸಿಗಳು ಕೊಡುತ್ತವೆ. ಅದೂ ತುರ್ತಿದ್ದರೆ, ಪ್ರಯಾಣದ ಮೊದಲ 60 ದಿನ ಮಾತ್ರ. ಉಳಿದ ಎರಡು ತಿಂಗಳಿಗೆ ಬೇರೆ ಪ್ರಯಾಣ ವಿಮೆ ಮಾಡಿಸಿ.