ಐಸ್‌ಕ್ರೀಮ್ ಡಬ್ಬದ ಮೇಲಿರುವ ‘ಎಮಲ್ಸಿಫೈಯರ್ 433’ ಎಂದರೆ ಏನು? ಮಕ್ಕಳಿಗೆ ಕೊಡಬಹುದಾ?

ನೀವು ಉಡುಪಿಯಿಂದ ಕೇಳಿದ್ದು ಮೂರು ವಿಷಯ. ಈ 433 ಎಂತದು, ಶಾಂಪೂವಿಗೆ ಹಾಕುವ ವಸ್ತು ಐಸ್‌ಕ್ರೀಮಿಗೆ ಯಾಕೆ, ಆರು ವರ್ಷದ ಮಗಳೂ ಶುದ್ಧ ಸಸ್ಯಾಹಾರಿ ಅತ್ತೆಯವರೂ ಅದನ್ನು ತಿನ್ನಬಹುದಾ. ನಾನು ಮಂಗಳೂರಿನ ಒಂದು ಸಣ್ಣ ಐಸ್‌ಕ್ರೀಮ್ ಘಟಕದಲ್ಲಿ ಒಂಬತ್ತು ವರ್ಷ ಮಿಕ್ಸ್ ತಯಾರಿಸುವ ಕೆಲಸ ಮಾಡಿದವನು. 433ರ ಕ್ಯಾನ್ ನನ್ನ ಮೇಜಿನ ಕೆಳಗೇ ಇರುತ್ತಿತ್ತು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೊಳ್ಬೇಡಿ.

433 ಎಂದರೆ ಪಾಲಿಸಾರ್ಬೇಟ್ 80. ಕೆಲಸದವರ ಬಾಯಲ್ಲಿ ಟ್ವೀನ್ 80, ಅದೊಂದು ಬ್ರಾಂಡ್ ಹೆಸರು. ಜೇನುತುಪ್ಪದ ಬಣ್ಣ, ಹರಳೆಣ್ಣೆಯಂತೆ ಮಂದ. ಕೈಗೆ ಹತ್ತಿದರೆ ಎಣ್ಣೆಯ ಹಾಗೆ ಜಾರುತ್ತದೆ, ಆದರೆ ನಲ್ಲಿಯ ಕೆಳಗೆ ಹಿಡಿದರೆ ಸಾಬೂನೇ ಬೇಡ, ಹಾಗೇ ತೊಳೆದು ಹೋಗುತ್ತದೆ. ರುಚಿ ಕಹಿ. ಒಂದು ಸಲ ನಾಲಿಗೆಗೆ ಮುಟ್ಟಿಸಿ ನೋಡಿದ್ದೇನೆ, ಸಾಕಾಯ್ತು.

ಇದು ಹಾಲಿನಲ್ಲೋ ಹಣ್ಣಿನಲ್ಲೋ ಸಿಗುವ ವಸ್ತು ಅಲ್ಲ, ಕಾರ್ಖಾನೆಯಲ್ಲೇ ಆಗಬೇಕು. ಸಾರ್ಬಿಟಾಲ್ ಎಂಬ ಸಕ್ಕರೆ ಜಾತಿಯ ವಸ್ತುವಿಗೆ ಒಲಿಯಿಕ್ ಆಮ್ಲ ಸೇರಿಸುತ್ತಾರೆ, ಅದಕ್ಕೆ ಇಥಿಲೀನ್ ಆಕ್ಸೈಡ್ ಕೂಡಿಸುತ್ತಾರೆ. ಒಲಿಯಿಕ್ ಆಮ್ಲದ ಬಾಲಕ್ಕೆ ಜಿಡ್ಡು ಇಷ್ಟ, ಉಳಿದ ಭಾಗಕ್ಕೆ ನೀರು ಇಷ್ಟ. ಯಾವ ಕಡೆಗೆ ವಾಲುತ್ತದೆ ಎಂದು ಹೇಳಲಿಕ್ಕೆ ಎಚ್‌ಎಲ್‌ಬಿ ಎಂಬ ಅಳತೆ ಉಂಟು, 1949ರಲ್ಲಿ ಗ್ರಿಫಿನ್ ಎಂಬವರು ಕೊಟ್ಟದ್ದು. ಸೊನ್ನೆಯಿಂದ 20ರ ತನಕ. ಅಂಕಿ ಜಾಸ್ತಿಯಾದಷ್ಟು ನೀರಿನ ಕಡೆ. ಪಾಲಿಸಾರ್ಬೇಟ್ 80ಕ್ಕೆ 15. ಅಂದ ಹಾಗೆ ಆ 80 ಶೇಕಡಾ ಲೆಕ್ಕ ಅಲ್ಲ. ಯಾವ ಕೊಬ್ಬಿನ ಆಮ್ಲ ಎಂದು ಗುರುತಿಸುವ ಅಂಕಿ, ಅಷ್ಟೆ. ಸ್ಟಿಯರಿಕ್ ಆಮ್ಲ ಆದರೆ 60, ಒಲಿಯಿಕ್ ಆದರೆ 80.

ಈಗ ಯಾಕೆ ಹಾಕುತ್ತಾರೆ ಎಂಬುದು. ಎಲ್ಲರೂ ಹೇಳುವುದು, ಎಮಲ್ಸಿಫೈಯರ್ ಜಿಡ್ಡನ್ನೂ ನೀರನ್ನೂ ಸೇರಿಸಿ ಇಡುತ್ತದೆ ಅಂತ. ಬೇರೆ ಕಡೆ ಅದು ಸರಿ. ಡಬ್ಬದ ತೆಂಗಿನ ಹಾಲನ್ನು ನೋಡಿ. ಮನೆಯಲ್ಲಿ ಹಿಂಡಿದ ಹಾಲು ಒಂದು ಗಂಟೆ ಇಟ್ಟರೆ ಮೇಲೆ ಕೆನೆ, ಕೆಳಗೆ ನೀರು. ಡಬ್ಬದ್ದು ಹಾಗೆ ಒಡೆಯದಿರಲಿ ಎಂದು ಎಷ್ಟೋ ಬ್ರಾಂಡ್‌ಗಳಲ್ಲಿ 435 ಹಾಕುತ್ತಾರೆ, ಅದು ಪಾಲಿಸಾರ್ಬೇಟ್ 60. ಆದರೆ ಐಸ್‌ಕ್ರೀಮಿನಲ್ಲಿ ಕೆಲಸ ಉಲ್ಟಾ. ಅಲ್ಲಿ ಜಿಡ್ಡಿನ ಹನಿಗಳು ಒಂದಕ್ಕೊಂದು ಅಂಟಲಿ ಎಂದೇ ಇದನ್ನು ಹಾಕುವುದು!

ಉಡುಪಿಯವರಿಗೆ ಕಡೆಗೋಲಿನ ವಿಷಯ ನಾನು ಹೇಳಿಕೊಡಬೇಕಾಗಿಲ್ಲ, ಕೃಷ್ಣನ ಕೈಯಲ್ಲೇ ಉಂಟು. ಹಾಲಿನ ಜಿಡ್ಡು ಸಣ್ಣ ಸಣ್ಣ ಹನಿಗಳಾಗಿರುತ್ತದೆ, ಪ್ರತಿ ಹನಿಗೂ ಒಂದು ಹೊದಿಕೆ. ಕಡೆದಾಗ ಹೊದಿಕೆ ಹರಿದು ಹನಿಗಳು ಅಂಟಿಕೊಂಡು ಬೆಣ್ಣೆಯಾಗುತ್ತವೆ. ಐಸ್‌ಕ್ರೀಮ್ ಮಿಕ್ಸ್‌ನ್ನು ಹೋಮೋಜಿನೈಸರ್‌ನಲ್ಲಿ ಹಾಯಿಸಿದ ಮೇಲೆ ಹನಿಗಳು ತೀರಾ ಚಿಕ್ಕವಾಗುತ್ತವೆ, ಅವುಗಳ ಸುತ್ತ ಹಾಲಿನ ಪ್ರೋಟೀನ್ ದಪ್ಪಗೆ ಕೂರುತ್ತದೆ. ಈ ಹೊದಿಕೆ ಗಟ್ಟಿ, ಸುಲಭಕ್ಕೆ ಹರಿಯುವುದಿಲ್ಲ. ಮಿಕ್ಸ್‌ನ್ನು 4 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತೇವೆ, ಅದಕ್ಕೆ ಏಜಿಂಗ್ ಎನ್ನುತ್ತಾರೆ. ಆ ಹೊತ್ತಿನಲ್ಲಿ 433 ಪ್ರೋಟೀನನ್ನು ತಳ್ಳಿ ತಾನು ಆ ಜಾಗದಲ್ಲಿ ಕೂರುತ್ತದೆ. ಹೊದಿಕೆ ತೆಳುವಾಗುತ್ತದೆ. ಬೆಳಗ್ಗೆ ಫ್ರೀಜರ್‌ನಲ್ಲಿ ತಿರುಗಿಸುವಾಗ ಹನಿಗಳು ಡಿಕ್ಕಿ ಹೊಡೆದು ಅರ್ಧಂಬರ್ಧ ಅಂಟಿಕೊಂಡು ಗಾಳಿಗುಳ್ಳೆಗಳ ಸುತ್ತ ಬಲೆಯಂತೆ ನಿಲ್ಲುತ್ತವೆ. ಅಂದರೆ ಒಳ್ಳೆಯ ಐಸ್‌ಕ್ರೀಮ್ ಎಂದರೆ ಅರ್ಧಕ್ಕೆ ಕಡೆದು ನಿಲ್ಲಿಸಿದ ಬೆಣ್ಣೆ. ಸ್ಕೂಪ್ ಮಾಡಿದರೆ ಆಕಾರ ನಿಲ್ಲುವುದು, ಗಡ್‌ಬಡ್ ಗ್ಲಾಸಿನಲ್ಲಿ ಜೆಲ್ಲಿಯ ಮೇಲೆ ತಕ್ಷಣ ಇಳಿದು ಹೋಗದೇ ಕೂರುವುದು ಬಹಳಷ್ಟು ಈ ಬಲೆಯಿಂದ. ಕರಗಿ ಮತ್ತೆ ಹೆಪ್ಪುಗಟ್ಟಿದಾಗ ಮರಳಿನಂತೆ ಸಿಗುವ ಐಸ್ ಹರಳಿನ ಕಥೆ ಬೇರೆ. ಅದನ್ನು ತಡೆಯುವುದು 412, ಗೋರಿಕಾಯಿ ಬೀಜದ ಅಂಟು.

ಅರ್ಧಕ್ಕೆ ನಿಲ್ಲದಿದ್ದರೆ ಏನಾಗುತ್ತದೆ? ನಾನೇ ನೋಡಿದ್ದೇನೆ. ಏಪ್ರಿಲ್ ಕೊನೆ, ಮದುವೆ ಸೀಸನ್, ಕಪ್ ಆರ್ಡರ್ ತಲೆ ಮೇಲೆ. ನಮ್ಮಲ್ಲಿ 500 ಕೆಜಿ ಮಿಕ್ಸಿಗೆ 200 ಗ್ರಾಂ 433, ಅಂದರೆ ಶೇ 0.04. ಶಿಫ್ಟ್ ಬದಲಾಗುವ ಮೊದಲು ನಾನು ಹಾಕಿದ್ದೆ, ಪುಸ್ತಕದಲ್ಲಿ ಬರೆಯಲು ಮರೆತೆ. ಆಮೇಲೆ ಬಂದ ಹುಡುಗ ಪಾಪ, ಪುಸ್ತಕ ನೋಡಿ ಇನ್ನೊಂದು ಸಲ ಹಾಕಿದ. ಅದೂ ಕೆನೆ ಜಾಸ್ತಿ ಇದ್ದ ಮಿಕ್ಸ್. ಮರುದಿನ ಫ್ರೀಜರ್ ಬಾಯಿಂದ ಬಂದದ್ದು ಒಣಗಿದ ಹಾಗೆ, ಹೊಳಪೇ ಇಲ್ಲ. ಕೈಯಲ್ಲಿ ತಿಕ್ಕಿದರೆ ಅಕ್ಕಿ ನುಚ್ಚಿನಷ್ಟು ದೊಡ್ಡ ಹಳದಿ ಕಾಳು. ಯಂತ್ರ ಬಿಚ್ಚಿದರೆ ಬ್ಲೇಡಿಗೆ ಬೆಣ್ಣೆ ಮೆತ್ತಿಕೊಂಡಿತ್ತು. ಧನಿ ಒಂದು ಚಮಚ ಬಾಯಿಗೆ ಹಾಕಿ, “ಇದು ಎಂತ ಮಾರಾಯ, ಬ್ರೆಡ್ಡಿಗೆ ಹಚ್ಚಲಿಕ್ಕಾ?” ಎಂದರು. ಹುಡುಗನನ್ನು ಬೈಯುವ ಮೊದಲು ತಪ್ಪು ನನ್ನದೆಂದು ಹೇಳಿಬಿಟ್ಟೆ. 500 ಕೆಜಿ ಹೋಯಿತು.

ಮಗಳ ವಿಷಯಕ್ಕೆ ಬರುತ್ತೇನೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಇದನ್ನು ಮತ್ತೆ ಪರಿಶೀಲಿಸಿ, ದಿನಕ್ಕೆ ದೇಹದ ತೂಕದ ಕೆಜಿಗೆ 25 ಮಿಲಿಗ್ರಾಂ ತನಕ ಪರವಾಗಿಲ್ಲ ಎಂದಿತು. ಮಗಳು 20 ಕೆಜಿ ಇದ್ದರೆ 500 ಮಿಲಿಗ್ರಾಂ. ನಮ್ಮ ಅಳತೆಯ ಐಸ್‌ಕ್ರೀಮ್ ಒಂದು ಕೆಜಿಯಲ್ಲಿ 400 ಮಿಲಿಗ್ರಾಂ ಇರುತ್ತದೆ. ದಿನಾ ಒಂದೂಕಾಲು ಕೆಜಿ ತಿಂದರೆ ಮಿತಿ ಮುಟ್ಟುತ್ತದೆ. ಅಷ್ಟು ತಿಂದರೆ 433ಕ್ಕಿಂತ ಮೊದಲು ಸಕ್ಕರೆ ತೊಂದರೆ ಕೊಡುತ್ತದೆ ಬಿಡಿ.

ಹಾಗಂತ ಎಲ್ಲ ತೀರ್ಮಾನ ಆಗಿದೆ ಎನ್ನಲಾರೆ. ಅದೇ 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಇಲಿಗಳಿಗೆ ಕುಡಿಯುವ ನೀರಿನಲ್ಲಿ ಶೇ 1ರಷ್ಟು ಪಾಲಿಸಾರ್ಬೇಟ್ 80 ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾ ಬದಲಾಯಿತು, ಸಣ್ಣ ಮಟ್ಟದ ಉರಿಯೂತ ಕಂಡಿತು, ತೂಕ ಏರಿತು. ನೀವು ಹುಡುಕಿದಾಗ ಸಿಕ್ಕ ಹೆದರಿಕೆಯ ವಿಡಿಯೋಗಳಲ್ಲಿ ಜಾಸ್ತಿ ಇದರಿಂದಲೇ ಹುಟ್ಟಿದವು ಎಂದು ನನ್ನ ಅಂದಾಜು. ಇಲಿಗೆ ಕೊಟ್ಟದ್ದು ವಾರಗಟ್ಟಲೆ, ಪ್ರತಿ ಗುಟುಕಿನಲ್ಲೂ. ವಾರಕ್ಕೊಂದು ಕಪ್‌ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ನನ್ನ ಮಕ್ಕಳಿಗೂ ಕೊಡುತ್ತೇನೆ. ಆದರೆ ಪ್ಯಾಕೆಟ್ ಕೇಕು, ಅದರ ಮೇಲಿನ ಕ್ರೀಮು ಎಂದು ದಿನಾ ಬೇರೆ ಬೇರೆ ಕಡೆಯಿಂದ ಸೇರುತ್ತಿದ್ದರೆ ಲೆಕ್ಕ ಬೇರೆ. ಮನೆಯಲ್ಲಿ ಯಾರಿಗಾದರೂ ಕರುಳಿನ ಹಳೆಯ ಕಾಯಿಲೆ ಇದ್ದರೆ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ.

ಶಾಂಪೂವಿನಲ್ಲಿ ನೀರೂ ಉಪ್ಪೂ ಇರುತ್ತವೆ, ಅದಕ್ಕೆ ಹೆದರುವುದಿಲ್ಲ ಅಲ್ವಾ? ಜಿಡ್ಡು ನೀರು ಎರಡೂ ಇರುವ ಕಡೆಯೆಲ್ಲ ಇದಕ್ಕೆ ಕೆಲಸ ಉಂಟು. ಔಷಧಿಗಳಲ್ಲೂ ಹಾಕುತ್ತಾರೆ.

ಅತ್ತೆಯವರ ಪ್ರಶ್ನೆ ನ್ಯಾಯವಾದದ್ದೇ. ಒಲಿಯಿಕ್ ಆಮ್ಲ ಸಸ್ಯದ ಎಣ್ಣೆಯಿಂದಲೂ ಬರುತ್ತದೆ, ಪ್ರಾಣಿ ಕೊಬ್ಬಿನಿಂದಲೂ ಬರುತ್ತದೆ. 433 ಎಂಬ ಅಂಕಿ ನೋಡಿದರೆ ಯಾವುದೆಂದು ತಿಳಿಯುವುದಿಲ್ಲ, ಐಸ್‌ಕ್ರೀಮಿಗೆ ಹಾಕುವ ಇನ್ನೊಂದು ಎಮಲ್ಸಿಫೈಯರ್ 471ರದ್ದೂ ಅದೇ ಕಥೆ. ನೋಡಬೇಕಾದ್ದು ಡಬ್ಬದ ಹಸಿರು ಚುಕ್ಕೆ. ಹಾಲಿನ ಜಿಡ್ಡು ಬಿಟ್ಟು ಬೇರೆ ಪ್ರಾಣಿ ಮೂಲದ ಕೊಬ್ಬು ಇದ್ದರೆ ನಮ್ಮ ದೇಶದ ನಿಯಮದಲ್ಲಿ ಆ ಚುಕ್ಕೆ ಹಾಕುವಂತಿಲ್ಲ.

ಅವರಿಗೆ ಅದೂ ಸಮಾಧಾನ ಆಗದಿದ್ದರೆ ಮನೆಯಲ್ಲೇ ಮಾಡಿ. ಹಾಲು, ಕೆನೆ, ಸಕ್ಕರೆ ಕಾಯಿಸಿ ಆರಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಕಡೆಯಿರಿ. ಜಿಡ್ಡು ತಣ್ಣಗೆ ಗಟ್ಟಿಯಾಗಿದ್ದರೆ 433 ಇಲ್ಲದೆಯೂ ಸ್ವಲ್ಪ ಗಾಳಿ ಹಿಡಿಯುತ್ತದೆ. ಗಟ್ಟಿಯಾದ ದಿನವೇ ಖಾಲಿ ಮಾಡಿ ಮಾರಾಯ್ರೆ, ಮರುದಿನಕ್ಕೆ ಅದು ಕಲ್ಲು.