ಪಂಜರ ತೊಳೆಯಲು ರೋಬಾಟ್ ಬೇಕೆ?

ಪ್ರಶ್ನೆ: ಸಂಶೋಧನಾ ಸಂಸ್ಥೆಯೊಂದರ ಪ್ರಾಣಿಗೃಹದಲ್ಲಿ ಸಾವಿರಾರು ಇಲಿ ಪಂಜರಗಳ ಕೊಳೆಯನ್ನು ಸಿಬ್ಬಂದಿಯೇ ಕೈಯಿಂದ ತೆಗೆದು, ಪಂಜರಗಳನ್ನು ತೊಳೆಯುವ ಯಂತ್ರಕ್ಕೆ ಹಾಕುತ್ತಾರೆ. ಈ ಕೆಲಸಕ್ಕೆ ರೋಬಾಟ್ ತರುವ ಪ್ರಸ್ತಾಪ ಬಂದಿದೆ. ಇದರಿಂದ ನಿಜವಾದ ಲಾಭವಿದೆಯೇ? ಪ್ರಾಣಿಗಳಿಗೂ ಪ್ರಯೋಗಗಳಿಗೂ ತೊಂದರೆಯಾಗದೇ?

ಉತ್ತರ: ಲಾಭವಿದೆ, ಆದರೆ ಅದರ ಮೊದಲ ಫಲಾನುಭವಿಗಳು ಕೆಲಸಗಾರರು. ತೊಳೆಯುವ ಕೆಲಸವನ್ನು ದೊಡ್ಡ ಪ್ರಾಣಿಗೃಹಗಳಲ್ಲಿ ಸುರಂಗದಾಕಾರದ ಯಂತ್ರಗಳು ಈಗಾಗಲೇ ಮಾಡುತ್ತಿವೆ. ಮನುಷ್ಯರಿಗೆ ಉಳಿದಿರುವುದು ಅದರ ಎರಡು ತುದಿಗಳ ದುಡಿಮೆ: ಒಂದೆಡೆ ಮೂತ್ರ, ಹಿಕ್ಕೆಗಳಿಂದ ತೊಯ್ದ ಹಾಸನ್ನು ಸುರಿದು ಪಂಜರವನ್ನು ಮಗುಚಿ ಸಾಗುಪಟ್ಟಿಯ ಮೇಲಿಡುವುದು, ಇನ್ನೊಂದೆಡೆ ಒಣಗಿ ಬಂದುದಕ್ಕೆ ಹೊಸ ಹಾಸು ತುಂಬಿ ಜೋಡಿಸುವುದು. ಒಂದೇ ಚಲನೆಯನ್ನು ದಿನವಿಡೀ ಮಾಡುವವರ ಭುಜ, ಮಣಿಕಟ್ಟು, ಬೆನ್ನು ಸವೆಯುತ್ತವೆ. ಅದಕ್ಕಿಂತ ಗಂಭೀರವಾದುದು ಅಲರ್ಜಿ. ಇಲಿಯ ಮೂತ್ರದಲ್ಲಿರುವ ಪ್ರೋಟೀನುಗಳು ಹಾಸಿನ ಧೂಳಿನೊಂದಿಗೆ ಉಸಿರಿಗೆ ಸೇರಿ, ಸೀನು ಮತ್ತು ಕಣ್ಣುರಿಯಿಂದ ಆರಂಭವಾದ ತೊಂದರೆ ಕೆಲವರಲ್ಲಿ ಆಸ್ತಮಾ ಆಗಿ ಬೆಳೆಯುತ್ತದೆ. ಹಾಸು ಸುರಿಯುವ ಕೆಲಸವನ್ನು ಮುಚ್ಚಿದ ಕೋಣೆಯೊಳಗಿನ ಯಂತ್ರತೋಳಿಗೆ ಒಪ್ಪಿಸಿ, ಕಸವನ್ನು ನಿರ್ವಾತ ಕೊಳವೆಯಿಂದ ಸೆಳೆದರೆ ಈ ಧೂಳು ಬಹುಮಟ್ಟಿಗೆ ಮನುಷ್ಯರಿಂದ ದೂರ ಉಳಿಯುತ್ತದೆ. ಇದೊಂದೇ ಕಾರಣಕ್ಕೂ ಪ್ರಸ್ತಾಪವನ್ನು ಪರಿಶೀಲಿಸಬಹುದೆಂಬುದು ನನ್ನ ಅಭಿಪ್ರಾಯ.

ಪ್ರಯೋಗಗಳ ವಿಷಯದಲ್ಲಿ ಯಂತ್ರದ ಗುಣವೆಂದರೆ ಏಕರೂಪತೆ. ಕೊನೆಯ ತೊಳೆನೀರು ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್‌ಗೆ ಏರುವಂತೆ ನೋಡಿಕೊಳ್ಳುತ್ತಾರೆ. ಉಷ್ಣತೆ, ಸಮಯ, ಮಾರ್ಜಕದ ಪ್ರಮಾಣ ಮೂರೂ ದಾಖಲಾಗುತ್ತವೆ. ತಪ್ಪು ಮಾರ್ಜಕ ಬಳಸಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಹಂಟ್ ಅವರ ಪ್ರಯೋಗಾಲಯದ ಅನುಭವವೇ ಸಾಕ್ಷಿ. 1998ರಲ್ಲಿ ಅಲ್ಲಿನ ಹೆಣ್ಣಿಲಿಗಳ ಅಂಡಾಣುಗಳಲ್ಲಿ ವರ್ಣತಂತುಗಳ ದೋಷ ಇದ್ದಕ್ಕಿದ್ದಂತೆ ಹೆಚ್ಚಿತು. ಪಾಲಿಕಾರ್ಬೊನೇಟ್ ಪಂಜರಗಳನ್ನೂ ನೀರಿನ ಬಾಟಲಿಗಳನ್ನೂ ತೀಕ್ಷ್ಣ ಕ್ಷಾರದ ಮಾರ್ಜಕದಿಂದ ತೊಳೆದದ್ದರಿಂದ ಪ್ಲಾಸ್ಟಿಕ್ ಹಾಳಾಗಿ ಬಿಸ್‌ಫಿನಾಲ್–ಎ ಎಂಬ, ಆ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ರಾಸಾಯನಿಕ ಒಸರಿದ್ದು ಕಾರಣವೆಂದು ಹುಡುಕಿ, 2003ರಲ್ಲಿ ಅವರು ಪ್ರಕಟಿಸಿದರು. ಯಂತ್ರ ಇಂಥ ತಪ್ಪನ್ನು ತಡೆಯಬಲ್ಲದು. ತಪ್ಪು ಡಬ್ಬಿಗೆ ಜೋಡಿಸಿದರೆ ಅದನ್ನೇ ಸಾವಿರ ಪಂಜರಗಳಿಗೆ ನಿಷ್ಠೆಯಿಂದ ಹಂಚಲೂಬಲ್ಲದು.

ಪ್ರಾಣಿಗಳನ್ನು ಕೊಳೆಯಾದ ಪಂಜರದಿಂದ ಹೊಸದಕ್ಕೆ ದಾಟಿಸುವ ಕೆಲಸ ಮಾತ್ರ ಮನುಷ್ಯರ ಕೈಯಲ್ಲೇ ಇರಲಿ. ಮೈ ಮುದುಡಿ ಕುಳಿತ ಇಲಿ, ಕಚ್ಚಾಟದ ಗಾಯ, ಹೊಸದಾಗಿ ಹುಟ್ಟಿದ ಮರಿಗಳು ಕಣ್ಣಿಗೆ ಬೀಳುವುದು ಆ ಹೊತ್ತಿನಲ್ಲೇ. ಪಂಜರವೆಲ್ಲ ಶುಚಿಯಾದಾಗ ಇಲಿಗಳು ಬಿಟ್ಟ ವಾಸನೆಯ ಗುರುತುಗಳೂ ಅಳಿದು ಗಂಡುಗಳಲ್ಲಿ ಜಗಳ ಹೆಚ್ಚುವುದುಂಟು; ಹಳೆಯ ಗೂಡಿನ ಸ್ವಲ್ಪ ಭಾಗವನ್ನು ಜೊತೆಗೆ ಕೊಟ್ಟರೆ ಅದು ತಗ್ಗುತ್ತದೆ. ಸುಲಭವಾಗಿ ತೊಳೆಯಬಹುದೆಂಬ ಕಾರಣಕ್ಕೆ ಪಂಜರವನ್ನು ಹೆಚ್ಚು ಸಲ ಬದಲಿಸುವುದೂ ತಪ್ಪು. ಹಾಸಿನಲ್ಲಿ ಮರಿಯೊಂದು ಉಳಿದುಹೋದರೆ ಯಂತ್ರತೋಳಿಗೆ ತಿಳಿಯದು; ಆದ್ದರಿಂದ ಸುರಿಯುವ ಮುನ್ನ ಪ್ರತಿ ಪಂಜರವನ್ನೂ ಒಬ್ಬರು ನೋಡುವ ನಿಯಮ ಇರಲೇಬೇಕು.

ಒಪ್ಪಂದಕ್ಕೆ ಮುನ್ನ ಪಂಜರಗಳು ಒಂದೇ ಅಳತೆಯವೇ ಎಂದು ನೋಡಿ. ಅಳತೆ ಹಲವಾದರೆ ತೋಳಿನ ವೇಗ ಕುಸಿಯುತ್ತದೆ. ಕೊಳೆಯ ಬದಿಯೂ ಶುಚಿಯ ಬದಿಯೂ ಗೋಡೆಯಿಂದ ಬೇರ್ಪಟ್ಟಿರಬೇಕು, ಮತ್ತು ತೋಳು ಕೆಟ್ಟ ದಿನ ಕೈಯಿಂದಲೇ ಕೆಲಸ ಸಾಗಿಸಲು ಸುರಂಗದ ಮುಂದೆ ಜಾಗ ಉಳಿಸಿರಬೇಕು.