ಸಕ್ಕರೆ ಅಚ್ಚು ಬಿಡಲಿಲ್ಲ, ಮುದ್ದೆ ಗಂಟಾಯಿತು: ಸಂಕ್ರಾಂತಿ ಪ್ರಶ್ನೋತ್ತರ

ಹಬ್ಬ ಹತ್ತಿರ ಬಂತು. ಈ ಸಲ ಬಂದ ಪತ್ರಗಳಲ್ಲಿ ಅಡುಗೆಯ ಜೊತೆಗೆ ಆಟದ ಪ್ರಶ್ನೆಗಳೂ ಇವೆ. ಒಂದೇ ತೆರನಾದವುಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ. ‘ಎಷ್ಟು ನಿಮಿಷ ಬೇಯಿಸಬೇಕು’ ಎಂದು ಹಲವರು ಕೇಳಿದ್ದೀರಿ. ನಿಮ್ಮ ಒಲೆ ಬೇರೆ, ನಮ್ಮ ಒಲೆ ಬೇರೆ. ಆದ್ದರಿಂದ ನಿಮಿಷ ಹೇಳಿದ ಕಡೆಯಲ್ಲೆಲ್ಲ ಕಣ್ಣಿಗೆ, ಕೈಗೆ ಸಿಗುವ ಗುರುತನ್ನೂ ಹೇಳಿದ್ದೇವೆ. ನಿಮಿಷಕ್ಕೂ ಗುರುತಿಗೂ ಜಗಳ ಬಂದರೆ ಗುರುತನ್ನೇ ನಂಬಿ.

ಪ್ರಶ್ನೆ: ಹೋದ ವರ್ಷ ಸಕ್ಕರೆ ಅಚ್ಚು ಪೂರ್ತಿ ಕೈಕೊಟ್ಟಿತು. ಮೊದಲ ಸರದಿ ಹಳದಿಯಾಯಿತು, ಎರಡನೆಯದು ಅಚ್ಚಿಗೇ ಅಂಟಿಕೊಂಡಿತು, ಮೂರನೆಯದು ಗಟ್ಟಿಯಾಗಲೇ ಇಲ್ಲ. ನಿಂಬೆರಸ ಹಾಕಿದರೆ ಬೆಳ್ಳಗಾಗುತ್ತದೆ ಅಂದಿದ್ದಕ್ಕೆ ಅರ್ಧ ಹಣ್ಣು ಹಿಂಡಿದ್ದೆ. (ಮಂಡ್ಯ)

ಉತ್ತರ: ಸಕ್ಕರೆ ನಾಡಿನಿಂದಲೇ ಸಕ್ಕರೆಯ ದೂರು! ಮೂರು ಸೋಲಿಗೂ ಕಾರಣ ಬೇರೆ ಬೇರೆ. ಮೂರನೆಯದಕ್ಕೆ ನಿಂಬೆಹಣ್ಣೇ ಕಾರಣ. ಹುಳಿ ಹಾಕಿ ಕುದಿಸಿದ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅದು ಹರಳುಗಟ್ಟದೆ ಅಂಟಂಟಾಗಿಯೇ ಉಳಿಯುತ್ತದೆ. ಲಾಡಿನ ಪಾಕಕ್ಕೆ ನಿಂಬೆ ಹಿಂಡುವುದು ಪಾಕ ಹರಳಾಗದಿರಲಿ ಅಂತ. ಅಚ್ಚಿಗೆ ಬೇಕಾದದ್ದು ಅದರ ತಿರುಗುಮುರುಗು. ಆದ್ದರಿಂದ ನಿಂಬೆ ಬೇಡವೇ ಬೇಡ, ಕೊಳೆ ತೆಗೆಯಲು ಹಾಲು ಸಾಕು.

ಒಂದು ಕೆ.ಜಿ. ಸಕ್ಕರೆಗೆ ಅರ್ಧ ಲೀಟರ್ ನೀರು ಹಾಕಿ ಕರಗಿಸಿ. ಕುದಿ ಬಂದಾಗ ನಾಲ್ಕು ದೊಡ್ಡ ಚಮಚ ಹಾಲು ಬಿಡಿ, ಸೌಟು ಆಡಿಸಬೇಡಿ. ಹಾಲು ಒಡೆದು, ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದುಬಣ್ಣದ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದುಹಾಕಿ, ಉಳಿದದ್ದನ್ನು ಒದ್ದೆ ಮಾಡಿ ಹಿಂಡಿದ ತೆಳು ಪಂಚೆ ಬಟ್ಟೆಯಲ್ಲಿ ಸೋಸಿ. ಈ ಕೆಲಸ ಬಿಟ್ಟರೆ ಅಚ್ಚು ಮಾಸಲು ಬಣ್ಣಕ್ಕೆ ತಿರುಗುತ್ತದೆ. ಹಳದಿಗೆ ಇನ್ನೊಂದು ಕಾರಣ, ಇಡೀ ಪಾಕವನ್ನು ಒಂದೇ ಪಾತ್ರೆಯಲ್ಲಿ ಒಲೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಅಚ್ಚು ಹುಯ್ಯುವುದು. ಕೊನೆಯ ಅಚ್ಚು ಬರುವ ಹೊತ್ತಿಗೆ ಸಕ್ಕರೆ ಕಂದುತ್ತದೆ.

ಸೋಸಿದ ಪಾಕವನ್ನು ಒಂದು ಕಡೆ ಇಟ್ಟುಕೊಂಡು, ಅದರಿಂದ ಒಂದು ಲೋಟ ಮಾತ್ರ ದಪ್ಪ ತಳದ ಸಣ್ಣ ಪಾತ್ರೆಗೆ ಹಾಕಿ ಕುದಿಸಿ. ಗುಳ್ಳೆ ಸಣ್ಣದಾಗಿ, ದಪ್ಪವಾಗಿ ಏಳತೊಡಗಿದಾಗ ಒಂದು ಹನಿಯನ್ನು ತಣ್ಣೀರಿಗೆ ಹಾಕಿ ನೋಡಿ. ಕರಗದೆ, ಬೆರಳಲ್ಲಿ ಮೆತ್ತನೆಯ ಉಂಡೆ ಕಟ್ಟಿದರೆ ಹದ ಬಂತು. ಅಡುಗೆಯ ಥರ್ಮಾಮೀಟರ್ ಇದ್ದವರಿಗೆ ಇದು ಸುಮಾರು 115 ಡಿಗ್ರಿ. ತಕ್ಷಣ ಇಳಿಸಿ, ಸೌಟಿನ ಬೆನ್ನಿನಿಂದ ಪಾತ್ರೆಯ ಪಕ್ಕಕ್ಕೆ ಉಜ್ಜುತ್ತಾ ತಿರುಗಿಸಿ. ತಿಳಿಯಾಗಿದ್ದ ಪಾಕ ಮೊದಲು ಮಬ್ಬಾಗಿ, ಆಮೇಲೆ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಮರುಕ್ಷಣ ಅಚ್ಚಿಗೆ ಹುಯ್ಯಬೇಕು. ತಡಮಾಡಿದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಹಾಗಾಯಿತೆಂದು ಎಸೆಯಬೇಡಿ. ನಾಲ್ಕು ಚಮಚ ನೀರು ಹಾಕಿ ಕರಗಿಸಿ ಮತ್ತೆ ಕುದಿಸಿದರೆ ಆಯಿತು, ಬಣ್ಣ ಮಾತ್ರ ಒಂದು ಛಾಯೆ ಕಡಿಮೆ.

ಅಂಟಿಕೊಂಡ ಅಚ್ಚಿನ ವಿಚಾರ: ಮರದ ಅಚ್ಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಿ. ಒಣಮರ ಪಾಕವನ್ನು ಹೀರುತ್ತದೆ, ಸಕ್ಕರೆ ಕೆತ್ತನೆಯ ಸಂದಿಯೊಳಗೆ ಕಚ್ಚಿಕೊಳ್ಳುತ್ತದೆ. ನೀರು ಕುಡಿದ ಮರಕ್ಕೆ ಪಾಕ ಬೇಕಿಲ್ಲ. ಹುಯ್ಯುವ ಮೊದಲು ಕೊಡವಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಹೋಳುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದು ತಟ್ಟೆಯ ಮೇಲೆ ನಿಲ್ಲಿಸಿ. ಹಳೆಯ ಅಚ್ಚಿನ ಸಂದಿಯಲ್ಲಿ ಪಾಕ ಸೋರಿದರೆ ಹೊರಗಿನಿಂದ ಚಪಾತಿ ಹಿಟ್ಟು ಮೆತ್ತಿ. ಸುಮಾರು 10 ನಿಮಿಷಕ್ಕೆ, ಅಚ್ಚಿನ ಹೊರಮೈ ಬೆಚ್ಚಗೆ ಮಾತ್ರ ಉಳಿದಾಗ ಬಿಚ್ಚಿ. ಬಿಸಿಯಲ್ಲಿ ಬಿಚ್ಚಿದರೆ ಗಿಣಿಯ ಕೊಕ್ಕು, ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತವೆ.

ಪ್ರಶ್ನೆ: ಎಳ್ಳು-ಬೆಲ್ಲ ಬೆರೆಸಿಟ್ಟ ಎರಡೇ ದಿನಕ್ಕೆ ಒದ್ದೆಯಾಗಿ ಮುದ್ದೆ ಕಟ್ಟುತ್ತದೆ. ಅಳತೆಯನ್ನೂ ತಿಳಿಸಿ. (ಚಾಮುಂಡಿಪುರಂ, ಮೈಸೂರು)

ಉತ್ತರ: ಬೆಲ್ಲವನ್ನು ಮೊದಲೇ ಬೆರೆಸಿದ್ದೀರಿ. ಬೆಲ್ಲ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕೊಬ್ಬರಿಯಲ್ಲಿ ಹಸಿ ಉಳಿದಿದ್ದರೆ ಅದನ್ನೂ ಎಳೆಯುತ್ತದೆ. ಗಟ್ಟಿ ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಹುರಿಗಡಲೆ ಗಾತ್ರಕ್ಕೆ ಕತ್ತರಿಸಿ, ಬಟ್ಟೆಯ ಮೇಲೆ ಹರಡಿ ಎರಡು ದಿನ ಬಿಸಿಲಿಗಿಡಿ. ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತನ್ನಿ. ಒಣಗಿದ ಚೂರುಗಳು ಕೈಯಲ್ಲಿ ಅಲುಗಿಸಿದರೆ ಕಲ್ಲಿನಂತೆ ಸದ್ದು ಮಾಡಬೇಕು. ಆಮೇಲೆ ಬೇರೆ ಡಬ್ಬಿಯಲ್ಲಿಟ್ಟು ಹಬ್ಬದ ಬೆಳಿಗ್ಗೆಯೇ ಬೆರೆಸಿ. ಇನ್ನು, ಮಂಡ್ಯದ ಬೆಲ್ಲವೇ ಆದರೂ ತೀರಾ ಬೆಳ್ಳಗೆ, ಹಳದಿಯಾಗಿ ಹೊಳೆಯುವುದನ್ನು ಬಿಡಿ. ಆ ಬಣ್ಣ ಬರಿಸಲು ಹೈಡ್ರೋಸ್ ಎಂಬ ಬಿಳುಪು ಮಾಡುವ ರಾಸಾಯನಿಕ ಹಾಕುವುದುಂಟು. ಕಂದುಬಣ್ಣದ್ದೇ ಒಳ್ಳೆಯದು.

ಅಳತೆ: ಬಿಳಿ ಎಳ್ಳು, ಕಡಲೆಕಾಯಿ ಬೀಜ ತಲಾ 250 ಗ್ರಾಂ, ಹುರಿಗಡಲೆ 200, ಒಣಕೊಬ್ಬರಿ 300, ಬೆಲ್ಲ 300 ಗ್ರಾಂ. ಹುರಿಗಡಲೆ ಹೆಚ್ಚಿಸಿ ಲೆಕ್ಕ ಸರಿದೂಗಿಸುವವರಿದ್ದಾರೆ, ಪೊಟ್ಟಣ ಬಿಚ್ಚಿದವರಿಗೆ ಗೊತ್ತಾಗಿಯೇ ಆಗುತ್ತದೆ. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಮಾತ್ರ ಹುರಿಯಿರಿ, ಕೆಂಪಾದರೆ ಕಹಿ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ತೆಳುವಾಗಿ ಹೆಚ್ಚಿ ಬಿಸಿಲಲ್ಲಿ ಒಣಗಿಸಿ. ಹುರಿಯಲು ಹೋಗಬೇಡಿ, ಎಣ್ಣೆ ಬಿಟ್ಟುಕೊಂಡು ಕಮಟು ಬರುತ್ತದೆ.

ಪ್ರಶ್ನೆ: ಸಿಹಿ ಹುಗ್ಗಿಯ ಅಕ್ಕಿ ಎಷ್ಟು ಕುದಿಸಿದರೂ ಬೇಯುವುದಿಲ್ಲ. ಹಾಲು ಹಾಕಿದರೆ ಒಡೆಯುತ್ತದೆ. (ಮದ್ದೂರು)

ಉತ್ತರ: ಬೆಲ್ಲ ಬಿದ್ದ ಮೇಲೆ ಅಕ್ಕಿ ಬೇಯುವುದು ಅಷ್ಟಕ್ಕೇ ನಿಂತಂತೆ. ಒಂದು ಲೋಟ ಅಕ್ಕಿ, ಹುರಿದ ಅರ್ಧ ಲೋಟ ಹೆಸರುಬೇಳೆಗೆ ಐದು ಲೋಟ ನೀರು ಹಾಕಿ, ಸೌಟಿನಲ್ಲಿ ಒತ್ತಿದರೆ ಕಲಸಿಹೋಗುವಷ್ಟು ಬೇಯಿಸಿ. ಎರಡು ಲೋಟ ಬೆಲ್ಲವನ್ನು ಬೇರೆ ಕರಗಿಸಿ ಸೋಸಿ ಆಮೇಲೆ ಹಾಕಿ. ಹಾಲು ಬೇಕೆಂದರೆ ಅನ್ನ ಬೇಯುವಾಗಲೇ ನೀರಿನ ಬದಲು ಒಂದು ಲೋಟ ಹಾಕಿ. ಕುದಿಯುವ ಬೆಲ್ಲಕ್ಕೆ ಹಾಲು ಹಾಕಿದರೆ ಒಡೆಯದೆ ಇನ್ನೇನು?

ಪ್ರಶ್ನೆ: ಹಿತಕಿದ ಬೇಳೆ ಸಾರಿನಲ್ಲಿ ಬೇಳೆ ಕರಗಿ ಪಲ್ಯದಂತಾಗುತ್ತದೆ. ಕೆಲವು ಕಾಳು ಹಿತುಕಿದರೂ ಸಿಪ್ಪೆ ಬಿಡುವುದಿಲ್ಲ. (ಶ್ರೀರಂಗಪಟ್ಟಣ)

ಉತ್ತರ: ಸೊಗಡು ಅವರೆ ಸಿಗುವ ಕಾಲವೇ ಇದು. ಕಾಯಿ ಮುಟ್ಟಿದ ಬೆರಳಿಗೆ ಜಿಡ್ಡಿನ ಘಮ ಹತ್ತಬೇಕು, ಕಾಳು ತುಂಬಿ ಸಿಪ್ಪೆ ಉಬ್ಬಿರಬೇಕು. ಎಳೆಯ ಕಾಳು ಹಿತುಕಿದರೆ ಜಜ್ಜಿಹೋಗುತ್ತದೆ. ಅದನ್ನು ಉಪ್ಪಿಟ್ಟಿಗೆ ಎತ್ತಿಡಿ. ಬಲಿತ ಹಸಿಕಾಳನ್ನು ಏಳೆಂಟು ಗಂಟೆ ನೆನೆಸಿ. ಆಮೇಲೂ ಬಿಡದವನ್ನು ಇನ್ನೆರಡು ಗಂಟೆ ಬಿಡಿ, ಉಗುರು ಹಾಕಿ ಕೀಳಬೇಡಿ. ಮಕ್ಕಳನ್ನು ಕೂರಿಸುವುದಾದರೆ ಕೈ ಪಾತ್ರೆಯೊಳಗೆ ಇಟ್ಟೇ ಹಿತುಕಲು ಹೇಳಿ, ಇಲ್ಲದಿದ್ದರೆ ಮರುದಿನ ಸೋಫಾ ಕೆಳಗೆ ಬೇಳೆ ಹುಡುಕಬೇಕಾಗುತ್ತದೆ.

ಕುಕ್ಕರ್ ಮುಟ್ಟಬೇಡಿ. ಸಿಪ್ಪೆಯೇ ಇಲ್ಲದ ಬೇಳೆ ಒಂದು ಸೀಟಿಗೇ ಹಿಟ್ಟಾಗುತ್ತದೆ. ಐದು ಜನಕ್ಕೆ ಎರಡು ಲೋಟ ಬೇಳೆ. ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಅರ್ಧ ಇಂಚು ಶುಂಠಿ, ಎರಡು ಲವಂಗ, ಚೂರು ಚಕ್ಕೆ, ಒಂದು ಚಮಚ ಗಸಗಸೆಯನ್ನು ಎಣ್ಣೆಯಲ್ಲಿ ಬಾಡಿಸಿ, ಅರ್ಧ ಲೋಟ ತೆಂಗಿನತುರಿ, ಒಂದು ಟೊಮೆಟೊ, ಎರಡು ದೊಡ್ಡ ಚಮಚ ಸಾರಿನ ಪುಡಿ ಸೇರಿಸಿ ನುಣ್ಣಗೆ ರುಬ್ಬಿ. ಒಗ್ಗರಣೆಯಲ್ಲಿ ಬೇಳೆಯನ್ನು ಎರಡು ನಿಮಿಷ ಬಾಡಿಸಿ, ರುಬ್ಬಿದ್ದು, ಉಪ್ಪು, ಮೂರು ಲೋಟ ನೀರು ಹಾಕಿ ಮುಚ್ಚದೆ 10–12 ನಿಮಿಷ ಕುದಿಸಿ. ಬೇಳೆ ಬೆರಳಿಗೆ ಮೆತ್ತಗೆ ಸಿಕ್ಕಿ, ಆಕಾರ ಹಾಗೇ ಉಳಿದಿರುವಾಗ ಇಳಿಸಿ. ಇಳಿಸಿದ ಮೇಲೂ ಬಿಸಿಗೆ ಒಂದಿಷ್ಟು ಬೇಯುತ್ತದೆ.

ಪ್ರಶ್ನೆ: ಈ ಸಾರಿಗೆ ಮುದ್ದೆ ಮಾಡಲು ಹೋದರೆ ಒಳಗೆ ಬಿಳಿ ಗಂಟು, ಕೆಲವೊಮ್ಮೆ ಹಸಿಹಿಟ್ಟಿನ ವಾಸನೆ. ರಾಗಿಯ ತಳಿಯೇ ಸರಿಯಿಲ್ಲವೇ? (ವಿಜಯನಗರ, ಮೈಸೂರು)

ಉತ್ತರ: ತಳಿಯ ಮೇಲೆ ತಪ್ಪು ಹೊರಿಸಬೇಡಿ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಕೃಷಿ ವಿಜ್ಞಾನಿ ಲಕ್ಷ್ಮಣಯ್ಯನವರು ‘ಇಂಡಾಫ್’ ತಳಿಗಳನ್ನು ಕೊಟ್ಟದ್ದೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ. ನಮ್ಮ ಕಡೆ ರಾಗಿಗೆ ಬರವಿಲ್ಲ, ಎಡವುವುದು ಒಲೆಯ ಮುಂದೆ. ಗೋಧಿಯಲ್ಲಿರುವ ಜಿಗುಟು ರಾಗಿಯಲ್ಲಿಲ್ಲ. ಬಿಸಿನೀರಲ್ಲಿ ಹಿಟ್ಟು ಬೆಂದು ಅಂಟು ಬಂದರೆ ಮಾತ್ರ ಮುದ್ದೆ ನಿಲ್ಲುತ್ತದೆ. ಬೇಯುವ ಮೊದಲೇ ತಿರುವಿದರೆ ಒಣಹಿಟ್ಟಿನ ಸುತ್ತ ಬೆಂದ ಪದರ ಕಟ್ಟಿಕೊಂಡು ಗಂಟಾಗುತ್ತದೆ, ಒಳಗೆ ನೀರು ಹೋಗುವುದೇ ಇಲ್ಲ.

ಎರಡು ಲೋಟ ನೀರಿಗೆ ಒಂದು ಲೋಟ ತುಂಬು ಹಿಟ್ಟು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕಿ, ಚಿಟಿಕೆ ಉಪ್ಪು ಹಾಕಿ ಕುದಿಸಿ. ತೆಳ್ಳಗೆ ಅಂಬಲಿಯಂತಾಗಿ ನೊರೆ ಉಕ್ಕಿದಾಗ ಉಳಿದ ಹಿಟ್ಟನ್ನು ಒಂದೇ ಸಲ ನಡುವೆ ಗುಡ್ಡೆಯಾಗಿ ಸುರಿಯಿರಿ. ತಿರುವಬೇಡಿ! ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ, ಐದಾರು ನಿಮಿಷ ಬಿಡಿ. ತೂತಿನಿಂದ ನೀರು ಗುಳುಗುಳು ಎಂದು ಮೇಲೆ ಬಂದು, ಗುಡ್ಡೆಯ ನೆತ್ತಿಯ ಒಣಹಿಟ್ಟೂ ನೆಂದು ಬಣ್ಣ ಗಾಢವಾದರೆ ಬೆಂದಿದೆ ಎಂದರ್ಥ. ಆಗ ಪಾತ್ರೆಯನ್ನು ಕೆಳಗಿಟ್ಟು, ಕಾಲಲ್ಲೋ ಇಕ್ಕಳದಲ್ಲೋ ಗಟ್ಟಿಯಾಗಿ ಹಿಡಿದು, ಹಿಟ್ಟನ್ನು ಪಾತ್ರೆಯ ಪಕ್ಕಕ್ಕೆ ಒತ್ತಿ ಒತ್ತಿ ತೊಳಸಿ. ಗಂಟು ಒಡೆಯುವುದು ಈ ಒತ್ತುವಿಕೆಯಿಂದ, ಬರೀ ಸುತ್ತಿಸುವುದರಿಂದಲ್ಲ. ಗಟ್ಟಿ ಅನಿಸಿದರೆ ಬಿಸಿನೀರು ಚಿಮುಕಿಸಿ. ತಣ್ಣೀರು ಹಾಕಿದರೆ ಅಷ್ಟು ಭಾಗ ಹಸಿಯೇ, ವಾಸನೆ ಬರುವುದು ಅಲ್ಲಿಂದ. ಮತ್ತೆ ಮುಚ್ಚಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಇಡಿ. ಒದ್ದೆ ಬೆರಳಿಂದ ಮುಟ್ಟಿದರೆ ಅಂಟಬಾರದು. ಒದ್ದೆ ಕೈಯಲ್ಲಿ, ಒದ್ದೆ ಮಣೆಯ ಮೇಲೆ ಉಂಡೆ ಕಟ್ಟಿ. ನಾನ್‌ಸ್ಟಿಕ್ ಬಾಣಲೆಯಲ್ಲಿ ಈ ಕೆಲಸ ಆಗುವುದಿಲ್ಲ, ಬಾಣಲೆಯೂ ಉಳಿಯುವುದಿಲ್ಲ.

ಪ್ರಶ್ನೆ: ಊಟವಾದ ಮೇಲೆ ಎಲ್ಲರೂ ಒಂದೊಂದು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಚೌಕಾಬಾರ ಆಡಿಸೋಣ ಎಂದರೆ ನಿಯಮ ಅರ್ಧಂಬರ್ಧ ನೆನಪು, ಕವಡೆಯೂ ಇಲ್ಲ. (ಪಾಂಡವಪುರ)

ಉತ್ತರ: ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜ ಸಾಕು. ಒಂದು ಮೈಯನ್ನು ಒರಟು ನೆಲಕ್ಕೆ ತೇಯ್ದು ಕಂದು ಸಿಪ್ಪೆ ಹೋಗಿ ಬಿಳಿ ಕಾಣುವಂತೆ ಮಾಡಿ. ನಾಲ್ಕೂ ಹೆಚ್ಚುಕಡಿಮೆ ಒಂದೇ ಗಾತ್ರ ಇರಲಿ, ತುಂಬಾ ತೇಯ್ದು ತೆಳ್ಳಗಾದ ಬೀಜ ಒಂದೇ ಕಡೆ ಬೀಳುತ್ತಿರುತ್ತದೆ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿ ಆದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಂದು ಆದರೆ ಬಾರ, ಎಂಟು ಮನೆ. ಚೌಕ, ಬಾರ ಬಿದ್ದರೆ ಇನ್ನೊಂದು ಆಟ.

ಸೀಮೆಸುಣ್ಣದಲ್ಲಿ ಐದಕ್ಕೆ ಐದು, 25 ಮನೆ ಬರೆಯಿರಿ. ನಾಲ್ಕು ಬದಿಗಳ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿ. ನಿಮ್ಮ ಮುಂದಿನ ಬದಿಯ ನಡುಮನೆ ನಿಮ್ಮ ಕಟ್ಟೆ, ತಲಾ ನಾಲ್ಕು ಕಾಯಿ. ಬಳೆಚೂರು, ಅವರೆಕಾಳು, ಗುಂಡಿ, ಕಡ್ಡಿ ಹೀಗೆ ಬೇರೆ ಬೇರೆ ಆಯ್ದುಕೊಳ್ಳಿ. ಕಾಯಿ ಕಟ್ಟೆಯಿಂದ ಬಲಕ್ಕೆ ಹೊರಟು ಹೊರಸುತ್ತಿನಲ್ಲಿ 15 ಮನೆ ನಡೆದು, ಕಟ್ಟೆಯ ಎಡಪಕ್ಕದ ಮನೆಗೆ ಬರುತ್ತದೆ. ಅಲ್ಲಿಂದ ಒಳಸುತ್ತಿಗೆ ಹತ್ತಿ ದಿಕ್ಕು ತಿರುಗಿಸಿ ಎಂಟು ಮನೆ ನಡೆಯಬೇಕು. ಒಟ್ಟು 24ನೇ ಹೆಜ್ಜೆಗೆ ಮಧ್ಯದ ಮನೆಯಲ್ಲಿ ಹಣ್ಣು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವರಿಗೆ ಒಳಸುತ್ತಿಗೆ ದಾರಿಯಿಲ್ಲ. ಮರೆತುಹೋಗುವುದು ಈ ನಿಯಮವೇ, ಆಟಕ್ಕೆ ರುಚಿ ಬರುವುದೂ ಇದರಿಂದಲೇ. ಹೊಡೆದವರಿಗೆ ಮತ್ತೊಂದು ಆಟ, ಹೊಡೆಸಿಕೊಂಡ ಕಾಯಿ ತನ್ನ ಕಟ್ಟೆಗೆ ವಾಪಸ್. ಕತ್ತರಿ ಮನೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ‘ಇದೆಲ್ಲ ಹಳ್ಳಿ ಆಟ’ ಎಂದು ಯಾರಾದರೂ ಮೂಗು ಮುರಿದರೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಕೂತು ಹೊಸ ಮಣೆಯಾಟಗಳನ್ನು ಕಟ್ಟಿದ ಅರಸರು ಎಂದು ಹೇಳಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಮಕ್ಕಳಿಗೆ ಕಿಚ್ಚು ಹಾಯಿಸುವುದನ್ನು ತೋರಿಸಬೇಕು. ಎಲ್ಲಿಗೆ ಹೋಗುವುದು, ಏನು ಎಚ್ಚರ? (ಕುವೆಂಪುನಗರ, ಮೈಸೂರು)

ಉತ್ತರ: ಮೈಸೂರಿನ ಹತ್ತಿರ ಸಿದ್ದಲಿಂಗಪುರದ ಕಿಚ್ಚು ಹೆಸರುವಾಸಿ. ಬೆಳಕಿರುವಾಗಲೇ ತಲುಪಿ, ದನಗಳ ಮೈತೊಳೆದು ಅರಿಶಿನ ಹಚ್ಚಿ, ಹೂ ಮುಡಿಸಿ ಸಿಂಗರಿಸುವುದನ್ನೂ ಮಕ್ಕಳು ನೋಡಲಿ. ಹುಲ್ಲಿಗೆ ಬೆಂಕಿ ಬೀಳುವುದು ಹೊತ್ತು ಮುಳುಗಿದ ಮೇಲೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ನಿಲ್ಲಿ, ಹೊಗೆ ನಿಮ್ಮ ಮೇಲೆ ಬರುವುದಿಲ್ಲ. ಬೆಂಕಿ ದಾಟಿದ ದನ ಓಡಿ ಬರುವ ದಿಕ್ಕಿನಲ್ಲಿ ಮಾತ್ರ ನಿಲ್ಲಲೇಬೇಡಿ, ಫೋಟೊ ಹಾಳಾದರೆ ಹಾಳಾಗಲಿ. ನೈಲಾನ್ ಲಂಗ, ಜೋತಾಡುವ ದುಪಟ್ಟಾ ಬೇಡ, ಹತ್ತಿ ಬಟ್ಟೆ ಹಾಕಿಸಿ. ಪೀಪಿ ಊದಿ ದನ ಬೆದರಿಸದಂತೆ ಮೊದಲೇ ಹೇಳಿ ಕರೆದೊಯ್ಯಿರಿ.

ಪ್ರಶ್ನೆ: ಎಳ್ಳು ಬೀರಿದವರೆಲ್ಲ ಕೊಟ್ಟ ಸಕ್ಕರೆ ಅಚ್ಚು ಡಬ್ಬಿ ತುಂಬಾ ಉಳಿಯುತ್ತದೆ. ಏನು ಮಾಡಲಿ? (ಕೆ.ಆರ್. ಪೇಟೆ)

ಉತ್ತರ: ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ, ಅದು ಬರೀ ಸಕ್ಕರೆಯಲ್ಲವೇ. ಬಣ್ಣದವನ್ನು ಬೇರೆ ಮಾಡಿ, ಬಿಳಿಯವನ್ನು ಕುಟ್ಟಿ ಪಾಯಸಕ್ಕೆ, ರವೆ ಉಂಡೆಗೆ ಬಳಸಿ. ಕಾಫಿಗೂ ಆಗುತ್ತದೆ. ಹಾಲಿನಿಂದ ಕೊಳೆ ತೆಗೆದ ಪಾಕವಾದ್ದರಿಂದ ಹಾಲು ಒಗ್ಗದವರಿಗೆ ಕೊಡುವಾಗ ಮಾತ್ರ ಒಂದು ಮಾತು ತಿಳಿಸಿ.